ಗೂಡಿನಲ್ಲಿ ಉಳಿದ ಕಲ್ಲುಸಕ್ಕರೆ

ನನ್ನ ಮಕ್ಕಳು ಹೇಳಿದ ಮಾತು ಕೇಳುವುದಿಲ್ಲ ಎನ್ನುವುದು ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ. ಮೂವರಿದ್ದಾರೆ, ಮೂವರೂ ಬಾಯಿಬಡುಕರು. ಬೆರಳಿಗೆ ಸಣ್ಣ ಸಿಬಿರು ಚುಚ್ಚಿದರೂ ನಾಲ್ಕು ಮನೆಗೆ ಕೇಳುವ ಹಾಗೆ ಅರಚುತ್ತಾರೆ. ಪಕ್ಕದ ಮನೆಯಾಕೆ ಒಳ್ಳೆಯವಳೇ, ಪಾಪ. ಮಧ್ಯಾಹ್ನ ಎಲೆ ಅಡಿಕೆ ಹಾಕಿಕೊಳ್ಳಲು ಬಂದವಳು ನನಗೆ ಬುದ್ಧಿ ಹೇಳಿ ಹೋಗುತ್ತಾಳೆ. ಅವಳ ಮಗ ಬಿದ್ದು ಮಂಡಿ ತರಚಿಕೊಂಡು ಬಂದರೂ ತುಟಿಪಿಟಕ್ಕೆನ್ನುವುದಿಲ್ಲವಂತೆ. ಅತ್ತರೆ ಬೆತ್ತ, ಅಳದಿದ್ದರೆ ಬೆಲ್ಲದಚ್ಚು; ಇಷ್ಟೇ, ಇನ್ನೇನೂ ಬೇಡ ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ. ಆ ಹುಡುಗ ನಮ್ಮ ಮನೆಗೆ ಬಂದಾಗಲೆಲ್ಲ ಹತ್ತಿರ ಕರೆದು ಅವನ ಹಣೆ ಮುಟ್ಟಿ ನೋಡುತ್ತೇನೆ. ಯಾಕೆ ಹಾಗೆ ಮಾಡುತ್ತೀರಿ ಎಂದು ಅವಳು ಕೇಳಿಲ್ಲ, ನಾನೂ ಹೇಳಿಲ್ಲ.

ಹೇಳಬೇಕಾದರೆ ನನ್ನ ತಂಗಿಯ ವಿಷಯದಿಂದ ಶುರು ಮಾಡಬೇಕು. ಇಪ್ಪತ್ತೈದು ವರ್ಷಗಳ ಮೇಲಾಯಿತು, ಅವಳ ವಿಷಯವನ್ನು ನಾನು ಬಾಯಿಬಿಟ್ಟು ಆಡಿದ್ದಿಲ್ಲ. ನನ್ನ ಯಜಮಾನರಿಗೂ ಅರ್ಧ ಮಾತ್ರ ಗೊತ್ತು.

ಆಗ ನನಗೆ ಹತ್ತು ವರ್ಷ, ತಂಗಿಗೆ ಐದು ತುಂಬಿರಲಿಲ್ಲ. ನಮ್ಮ ಮನೆ ಸಂತೇಪೇಟೆಯ ಹಿಂದಿನ ಒಂದು ಓಣಿಯಲ್ಲಿತ್ತು. ಅಪ್ಪನದು ದವಸದ ಅಂಗಡಿ. ರಾಗಿ, ಅವರೆ, ಹುರುಳಿ, ಅಂಗಡಿಯಲ್ಲಿ ಹಿಡಿಸದ ಮೂಟೆಗಳೆಲ್ಲ ನಮ್ಮ ಮನೆಯ ಉಗ್ರಾಣಕ್ಕೆ ಬರುತ್ತಿದ್ದವು. ಆ ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲು ತೆಗೆದರೆ ಗೋಣಿಯ ವಾಸನೆ, ಹುಳುಕು ಹಿಟ್ಟಿನ ವಾಸನೆ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ನಮ್ಮಜ್ಜಿ, ನಾವಿಬ್ಬರು ಹೆಣ್ಣುಮಕ್ಕಳು. ಆ ವರ್ಷ ಅವ್ವ ತುಂಬು ಬಸುರಿ.

ತಂಗಿ ಅಳುಬುರುಕಿ. ಓಣಿಯಲ್ಲಿ ಅವಳಿಗಿಂತ ಜೋರಾಗಿ ಅಳುವ ಇನ್ನೊಂದು ಮಗು ಇರಲಿಲ್ಲ. ಕಾಲಿಗೆ ಇರುವೆ ಕಚ್ಚಿದರೆ ಹೊಸಲ ಮೇಲೆ ಕೂತು, ಯಾರು ಕಚ್ಚಿದರು, ಎಲ್ಲಿ ಕಚ್ಚಿದರು, ಎಷ್ಟು ನೋಯುತ್ತದೆ ಎಂದು ಹೋಗುವವರಿಗೆ ಬರುವವರಿಗೆಲ್ಲ ಕಾಲೆತ್ತಿ ತೋರಿಸುತ್ತಿದ್ದಳು. ಹಾಲಿನವನೂ ನಿಂತು ನೋಡಿ, ಅಯ್ಯೋ ಪಾಪ ಎನ್ನಬೇಕು. ಆಮೇಲೆ ಅಳು ನಿಲ್ಲುತ್ತಿತ್ತು. ನಗು ಬರುತ್ತದೆ ಈಗ ನೆನೆದರೆ. ಅವಳು ಹಾಗೇ ಇರಬೇಕಿತ್ತು.

ಆ ಕಾಲದಲ್ಲಿ ಮೈಸೂರಿಗೆ ಪ್ಲೇಗು ವರ್ಷ ಬಿಟ್ಟು ವರ್ಷ ಬರುತ್ತಿತ್ತು. ಯಾರ ಮನೆಯಲ್ಲಾದರೂ ಇಲಿ ಸತ್ತು ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ ಊರಾಚೆ ದಟ್ಟಗಳ್ಳಿಯ ಕಡೆಯ ಬಯಲಲ್ಲಿ ಷೆಡ್ಡು ಹಾಕಿಕೊಂಡು ಇರುತ್ತಿದ್ದರು. ಜ್ವರ, ಗಡ್ಡೆ ಕಂಡವರನ್ನು ಸರ್ಕಾರದವರು ಪ್ಲೇಗಿನ ಕ್ಯಾಂಪಿಗೆ ಸಾಗಿಸುತ್ತಿದ್ದರು. ಎರಡು ವರ್ಷದ ಹಿಂದೆ ನಮ್ಮ ತಾತನನ್ನು ಹಾಗೆ ಸಾಗಿಸಿದ್ದರು. ಮೂರನೆಯ ದಿನ ಅಪ್ಪ ಬುತ್ತಿ ತೆಗೆದುಕೊಂಡು ಹೋದಾಗ, ತಾತ ಹೋಗಿ ಆಗಲೇ ಒಂದು ದಿನವಾಗಿದೆ, ಮಣ್ಣೂ ಆಗಿದೆ ಎಂದರಂತೆ. ಎಲ್ಲಿ ಎಂದು ಅಪ್ಪ ಕೇಳಿದರೆ ಒಂದು ಉದ್ದನೆಯ ಹಳ್ಳ ತೋರಿಸಿದರು. ಸುಣ್ಣ ಚೆಲ್ಲಿ, ಸಾಲಾಗಿ ಮಲಗಿಸಿ ಮುಚ್ಚಿದ್ದರು.

ಮಲಗಿಸಿದ್ದರು. ಅಜ್ಜಿಯ ಎದೆಯಲ್ಲಿ ಮುರಿದ ಮುಳ್ಳು ಅದೇ. ನಾವು ಶಿವಾಚಾರದವರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಮೈ ತೊಳೆದು, ವಿಭೂತಿ ಧರಿಸಿ, ಚಕ್ಕಂಬಕ್ಕಳ ಹಾಕಿ ಕೂರಿಸಿ, ಎಡ ಅಂಗೈಯಲ್ಲಿ ಅವರವರ ಲಿಂಗವನ್ನಿಟ್ಟು, ಪೂಜೆಗೆ ಕೂತಿದ್ದಾರೆ ಎನ್ನುವ ಹಾಗೆಯೇ ಮಣ್ಣು ಕೊಡುತ್ತೇವೆ. ಎಪ್ಪತ್ತು ವರ್ಷ ಒಂದು ದಿನವೂ ಪೂಜೆ ತಪ್ಪಿಸದ ತಾತನಿಗೆ ಅದು ಸಿಗಲಿಲ್ಲ. ಅವರ ಲಿಂಗ ಏನಾಯಿತು ಎನ್ನುವುದೂ ಗೊತ್ತಾಗಲಿಲ್ಲ. ಅಂದಿನಿಂದ ಅಜ್ಜಿ ಒಂದು ಹೊತ್ತು ಊಟ ಬಿಟ್ಟಳು. ಈ ಮನೆಯಿಂದ ಇನ್ನೊಬ್ಬರು ಆ ಕ್ಯಾಂಪಿಗೆ ಹೋಗುವುದಾದರೆ ತನ್ನ ಹೆಣ ದಾಟಿಕೊಂಡು ಹೋಗಬೇಕು ಎಂದು ಅಪ್ಪನಿಗೆ ಹೇಳಿದ್ದಳು. ಅಪ್ಪ ತಾಯಿಯ ಮಾತಿಗೆ ಎದುರಾಡುವವರಲ್ಲ.

ಆ ಸಲ ಪ್ಲೇಗು ದಸರಾ ಕಳೆದ ಕೂಡಲೇ ಶುರುವಾಯಿತು. ಪ್ಲೇಗಿನ ಇನ್ಸ್‌ಪೆಕ್ಟರು ಜವಾನರನ್ನು ಕರೆದುಕೊಂಡು ಬೀದಿ ಬೀದಿ ಸುತ್ತುತ್ತಿದ್ದರು. ದೊಡ್ಡವರು ಸುಳ್ಳು ಹೇಳುತ್ತಾರೆಂದು ಅವರಿಗೂ ಗೊತ್ತಾಗಿತ್ತು. ಅದಕ್ಕೇ ಮಕ್ಕಳನ್ನು ಕೇಳುವುದು. ಹಿಂದಿನ ಬೀದಿಯಲ್ಲಿ ಒಂದು ಮಗು, ನಮ್ಮಣ್ಣನಿಗೆ ಕಂಕುಳಲ್ಲಿ ನೋವು ಎಂದುಬಿಟ್ಟಿತು. ಅರ್ಧ ಗಂಟೆಯೊಳಗೆ ಇಡೀ ಮನೆ ಗಾಡಿ ಹತ್ತಿತ್ತು. ಅಂದು ಅಜ್ಜಿ ನಮ್ಮ ತಂಗಿಯನ್ನು ಎವೆಯಿಕ್ಕದೆ ನೋಡಿದಳು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದಳು.

"ನಿನ್ನ ತಂಗೀನ ನೀನೇ ತಿದ್ಬೇಕು ಕಣವ್ವ. ಅವಳ ಬಾಯಿಂದ ಮನೆ ಹಾಳಾಗ್ಬಾರ್ದು. ಯಾರು ಕೇಳುದ್ರೂ ಏನೂ ಇಲ್ಲ ಅನ್ಬೇಕು. ಅಷ್ಟು ಕಲ್ಸ್ಬುಡು."

ಹೀಗೆಂದು ನನ್ನ ಕೈಗೆ ಒಂದು ಹಿತ್ತಾಳೆ ಡಬ್ಬಿ ಕೊಟ್ಟಳು. ಪೂಜೆಯ ನೈವೇದ್ಯಕ್ಕೆಂದು ಇಟ್ಟುಕೊಂಡಿದ್ದ ಕಲ್ಲುಸಕ್ಕರೆ ಅದರಲ್ಲಿತ್ತು. ಆ ಡಬ್ಬಿಯನ್ನು ಅವ್ವ ಕೂಡ ಕೇಳದೆ ಮುಟ್ಟುವಂತಿರಲಿಲ್ಲ. ನನಗೆ ಹೆಮ್ಮೆಯಿಂದ ಮೈ ಉಬ್ಬಿತು. ಅವ್ವನಿಗೆ ಅದಾಗಿ ನಾಲ್ಕೇ ದಿನಕ್ಕೆ ಹೆರಿಗೆಯಾಗಿ ಗಂಡು ಮಗು ಹುಟ್ಟಿ, ಅವಳು ಬಾಣಂತಿ ಕೋಣೆ ಸೇರಿದಳು. ತಂಗಿಯ ಸ್ನಾನ, ಊಟ, ಜಡೆ, ಎಲ್ಲ ನನ್ನ ಪಾಲಿಗೆ ಬಂತು. ಹೀಗಾಗಿ ಅವಳನ್ನು ತಿದ್ದುವುದಕ್ಕೆ ನನಗೆ ಅಡ್ಡ ಬರುವವರು ಯಾರೂ ಇರಲಿಲ್ಲ.

ನಾನು ಚೆನ್ನಾಗಿ ಕಲಿಸಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮೊದಮೊದಲು ಸುಲಭದ್ದು. ಬೇಕೆಂದೇ ತೋಳು ಚಿವುಟಿ, ನೋಯಿತಾ ಎಂದು ಕೇಳುತ್ತಿದ್ದೆ. ಹೂಂ ಎಂದರೆ ಏನೂ ಇಲ್ಲ. ಏನೂ ಇಲ್ಲ ಎಂದರೆ ಒಂದು ಚೂರು ಕಲ್ಲುಸಕ್ಕರೆ. ಎರಡು ದಿನದಲ್ಲಿ ಅವಳಿಗೆ ಇದು ಆಟವಾಯಿತು. ಚಿವುಟು ಅಕ್ಕ, ಚಿವುಟು ಎಂದು ತಾನೇ ತೋಳು ಒಡ್ಡುತ್ತಿದ್ದಳು. ಚಿವುಟಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, "ಏನೂ ಇಲ್ಲ" ಎಂದು ಬಲಗೈ ಚಾಚುತ್ತಿದ್ದಳು. ನಾನು ಜಾಣೆ ಎಂದು ಕೆನ್ನೆ ತಟ್ಟಿ ಸಕ್ಕರೆ ಕೊಡುತ್ತಿದ್ದೆ.

ಆದರೆ ಬೇರೆಯವರ ಮುಂದೆ ಅವಳ ಹಳೇ ಚಾಳಿ ಹೋಗಿರಲಿಲ್ಲ. ಒಂದು ದಿನ ಹೂವಿನವಳು ಬಂದಾಗ ಹೊಸಲ ಮೇಲೆ ಕೂತು, ನನಗೆ ಹಲ್ಲು ನೋವು ಎಂದು ಬಾಯಿ ತೆರೆದು ತೋರಿಸಿದಳು. ಅಜ್ಜಿ ಒಳಗಿನಿಂದಲೇ ನನ್ನ ಕಡೆ ನೋಡಿದಳು. ನನಗೆ ಅವಮಾನವಾಯಿತು. ತಂಗಿಯನ್ನು ದರದರ ಎಳೆದುಕೊಂಡು ಹೋಗಿ ಉಗ್ರಾಣದೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿದೆ. ಹಗಲು ಹನ್ನೊಂದು ಗಂಟೆ. ಒಳಗೆ ಮಾತ್ರ ಕಗ್ಗತ್ತಲು. ಅವಳು ಬಾಗಿಲು ಬಡಿದಳು, ಅಕ್ಕ ಅಕ್ಕ ಎಂದಳು. ಅಳು ನಿಲ್ಲುವ ತನಕ ತೆಗೆಯುವುದಿಲ್ಲ ಎಂದೆ. ನಿಲ್ಲಲು ಬಹಳ ಹೊತ್ತು ಹಿಡಿಯಿತು. ತೆಗೆದಾಗ ಮೂಟೆಗೆ ಒರಗಿ ಕೂತಿದ್ದಳು, ಲಂಗ ಒದ್ದೆ ಮಾಡಿಕೊಂಡಿದ್ದಳು. ಹಲ್ಲು ನೋವು ಹೋಯಿತಾ ಎಂದು ಕೇಳಿದೆ. ಏನೂ ಇಲ್ಲ ಎಂದಳು. ಆ ದಿನ ಎರಡು ತುಂಡು ಕೊಟ್ಟೆ.

ಅಂಥದ್ದು ಮೂರು ಸಲ ಆಯಿತು. ನಾಲ್ಕನೆಯ ಸಲಕ್ಕೆ ಬೇಕಾಗಲಿಲ್ಲ. ಉಗ್ರಾಣದ ಕಡೆ ನಾನು ಕತ್ತು ತಿರುಗಿಸಿದರೆ ಸಾಕು, ಅವಳ ಬಾಯಿ ತಾನಾಗಿ ಮುಚ್ಚುತ್ತಿತ್ತು.

ಆಮೇಲೆ ಅಜ್ಜಿ ಇನ್ನೊಂದು ಪಾಠ ಸೇರಿಸಿದಳು. ತೊಡೆಸಂದಿಯಲ್ಲಿ ಗಡ್ಡೆ ಎದ್ದವರು ಕಾಲೆಳೆದು ನಡೆಯುತ್ತಾರೆಂದು ಇನ್ಸ್‌ಪೆಕ್ಟರು ಮಕ್ಕಳನ್ನು ನಡೆಸಿ ನೋಡುತ್ತಾರಂತೆ. ಅದಕ್ಕೆ ನಮ್ಮವಳು ನಡೆಯುವುದಲ್ಲ, ಓಡಿ ತೋರಿಸಬೇಕು. ಹಿತ್ತಲ ಬಾಗಿಲಿನಿಂದ ಬಾವಿಕಟ್ಟೆಯ ತನಕ ಓಡಿ, ಕಟ್ಟೆ ಮುಟ್ಟಿ, ತಿರುಗಿ ಬರಬೇಕು. ಇದನ್ನು ದಿನವೂ ಮಾಡಿಸಿದೆ. ಒಂದು ದಿನ ಅವಳ ಅಂಗಾಲಿಗೆ ಜಾಲಿ ಮುಳ್ಳು ಹೊಕ್ಕಿತ್ತು. ಮುಳ್ಳು ತೆಗೆದ ಮೇಲೂ ಕುಂಟುತ್ತಿದ್ದಳು. ನನಗೆ ಅದು ಒಳ್ಳೆಯ ಸಮಯ ಎನ್ನಿಸಿತು. ಕುಂಟದೆ ಓಡಿ ಬಂದರೆ ದೊಡ್ಡ ತುಂಡು ಎಂದೆ. ಹಲ್ಲು ಕಚ್ಚಿಕೊಂಡು ಓಡಿದಳು. ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿ, ನನ್ನ ತಲೆ ನೇವರಿಸಿ, ನೀನು ನನ್ನ ಗಂಡು ಮೊಮ್ಮಗ ಕಣೇ ಎಂದಳು. ಅಂಥ ಮಾತು ಅಜ್ಜಿಯ ಬಾಯಿಂದ ಬಂದದ್ದು ಅದೇ ಮೊದಲು. ಇನ್ನೊಂದು ಸಲ ಅದನ್ನು ಕೇಳುವುದಕ್ಕೆ ನಾನು ಏನು ಬೇಕಾದರೂ ಮಾಡುತ್ತಿದ್ದೆ. ತಂಗಿಗೆ ನಾನು ಹೇಗೋ, ನನಗೆ ಅಜ್ಜಿ ಹಾಗೆ. ಇದು ತಿಳಿಯಲು ನನಗೆ ಮಕ್ಕಳಾಗಬೇಕಾಯಿತು.

ಇಷ್ಟರ ನಡುವೆ ನಮ್ಮ ಉಗ್ರಾಣದಲ್ಲೇ ಇಲಿ ಬಿತ್ತು. ಅಪ್ಪ ಬೆಳಗ್ಗೆ ಮೂಟೆ ತೆಗೆಸಲು ಹೋದಾಗ ಕಂಡದ್ದು ಒಂದು, ಮಾರನೆಯ ದಿನ ಎರಡು. ತಿಳಿಸಬೇಕಾಗಿತ್ತು, ತಿಳಿಸಲಿಲ್ಲ. ಅಜ್ಜಿ ಬೂದಿ ಹಾಕಿ ಅವನ್ನು ಹಿತ್ತಲಲ್ಲಿ ಹೂಳಿಸಿದಳು. ಅವ್ವನ ಅಣ್ಣ ಕಡಕೊಳದಲ್ಲಿದ್ದರು; ಬಾಣಂತಿ ಗಾಡಿ ಹತ್ತುವ ಹಾಗಾದ ಮೇಲೆ ಎಲ್ಲರೂ ಅಲ್ಲಿಗೆ ಹೋಗಿಬಿಡೋಣ, ಇನ್ನು ಎಂಟು ದಿನ ತಾನೇ ಎಂದು ಅಪ್ಪ ಹೇಳಿದರು. ಉಗ್ರಾಣಕ್ಕೆ ಬೀಗ ಬಿತ್ತು. ನಾನು ತಂಗಿಯನ್ನು ಕೊನೆಯ ಸಲ ಅದರೊಳಗೆ ಕೂಡಿದ್ದು ಅದಕ್ಕೆ ಮೂರೋ ನಾಲ್ಕೋ ದಿನ ಮುಂಚೆ. ರೋಗ ಎಲ್ಲಿಂದ ಬಂತು ಎಂದು ಯಾರಿಗೆ ಗೊತ್ತು ಎಂದು ಜನ ಹೇಳುತ್ತಾರೆ. ಹೇಳಲಿ.

ಒಂದು ಸಂಜೆ ತಂಗಿ ಆಟಕ್ಕೆ ಬರಲಿಲ್ಲ. ತಾನು ಮಲಗುವ ಜಾಗದಲ್ಲಿ, ಗೋಡೆಗೂಡಿನ ಕೆಳಗೆ, ಮಂಡಿ ಮಡಚಿ ಕೂತಿದ್ದಳು. ಯಾಕೆ ಎಂದೆ. ಏನೂ ಇಲ್ಲ ಎಂದಳು, ಕೈ ಚಾಚಿದಳು. ಒಂದು ತುಂಡು ಕೊಟ್ಟೆ.

ಮಾರನೆಯ ಬೆಳಗ್ಗೆ ಜಡೆ ಹೆಣೆಯುವಾಗ ಅವಳ ಕತ್ತು ನನ್ನ ಬೆರಳಿಗೆ ಬಿಸಿಯಾಗಿ ತಗಲಿತು. ಕೈ ಹಿಂದೆ ತೆಗೆದು ಮತ್ತೆ ಮುಟ್ಟಿದೆ. ಬಿಸಿಯೇ. ಎಲ್ಲಾದರೂ ನೋಯುತ್ತದೇನೇ ಎಂದು ಕೇಳಿದೆ. ಅವಳು ನನ್ನ ಮಗ್ಗುಲಲ್ಲಿದ್ದ ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು. ಇಲ್ಲ ಎಂದಳು. ನಾನು ಎದ್ದು ಅಡುಗೆಮನೆಗೆ ಹೋದೆ. ಅಜ್ಜಿಗೆ ಹೇಳಬೇಕೆಂದೇ ಹೋದೆ. ಅಜ್ಜಿ ಒಲೆ ಊದುತ್ತಾ, ಮಗು ಎದ್ದಳೇನೇ, ಚೆನ್ನಾಗಿದ್ದಾಳಾ ಎಂದು ತಾನಾಗಿ ಕೇಳಿದಳು. ನನ್ನ ಬಾಯಿಂದ ಬಂದ ಮಾತು, ಹೂಂ, ಏನೂ ಇಲ್ಲ. ಜ್ವರ ಎಂದರೆ ಅಜ್ಜಿಯ ಮುಖ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಯಜಮಾನರಿಗೆ ಗೊತ್ತಿಲ್ಲದ ಅರ್ಧ ಇದು. ವಾಪಸು ಬಂದು ತಂಗಿಗೆ ಎರಡನೆಯ ತುಂಡು ಕೊಟ್ಟೆ.

ಅವತ್ತೇ ಹತ್ತು ಗಂಟೆಯ ಹೊತ್ತಿಗೆ ಇನ್ಸ್‌ಪೆಕ್ಟರು ಬಂದರು. ಜೊತೆಗೆ ಒಬ್ಬ ನರ್ಸಮ್ಮ. ಇಗರ್ಜಿಯ ಕಡೆಯ ಕ್ರೈಸ್ತರ ಪೈಕಿ. ಬಿಳೀ ಸೀರೆ, ಕೊರಳಲ್ಲಿ ಸಣ್ಣ ಶಿಲುಬೆ, ಮಾತೆಲ್ಲ ನಮ್ಮ ಹಾಗೆಯೇ. ಹೆಂಗಸರನ್ನೂ ಮಕ್ಕಳನ್ನೂ ಆಕೆಯೇ ನೋಡುವುದು. ಬಾಣಂತಿ ಕೋಣೆಗೆ ಹೋಗಿ ಅವ್ವನನ್ನು ಮಾತಾಡಿಸಿ ಬಂದು, ತಂಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಕತ್ತು ಮುಟ್ಟಿ ನೋಡಿದರು, ಕಂಕುಳು ನೋಡಿದರು.

"ಎಲ್ಲಾರ ನೋಯ್ತದಾ ಮಗಳೇ? ಹೆದ್ರಬೇಡ, ನನ್ಹತ್ರ ಹೇಳು."

ಅಂಥ ಮೃದುವಾದ ದನಿಯಲ್ಲಿ ಅಷ್ಟು ದಿನ ಅವಳನ್ನು ಯಾರೂ ಕೇಳಿರಲಿಲ್ಲ. ಅವಳ ಗದ್ದ ನಡುಗಿತು. ಈಗ ಹೇಳಿಬಿಡುತ್ತಾಳೆ ಎಂದುಕೊಂಡೆ. ನಾನು ಉಗ್ರಾಣದ ಬಾಗಿಲ ಕಡೆ ಕತ್ತು ತಿರುಗಿಸಿದೆ. ಅವಳು ನೋಡಿದಳು. ಏನೂ ಇಲ್ಲ ಎಂದಳು.

ನರ್ಸಮ್ಮ ಏಳಲಿಲ್ಲ. ನನ್ನ ಕಡೆ ತಿರುಗಿ, ಮೈ ಸ್ವಲ್ಪ ಬೆಚ್ಚಗಿದೆಯಲ್ಲ ಎಂದರು. ಬಿಸಿಲಲ್ಲಿ ಆಡುತ್ತಿದ್ದಳು ಎಂದೆ, ತಡವರಿಸದೆ. ಇನ್ಸ್‌ಪೆಕ್ಟರು ನಡೆಸಿ ನೋಡಿ ಎಂದರು. ಅವರ ಮಾತು ಮುಗಿಯುವ ಮುಂಚೆಯೇ ತಂಗಿ ಹಿತ್ತಲ ಬಾಗಿಲಿಗೆ ಹೋಗಿ ನಿಂತಳು. ಓಡಿದಳು. ಬಾವಿಕಟ್ಟೆ ಮುಟ್ಟಿದಳು, ತಿರುಗಿದಳು, ಓಡಿ ಬಂದಳು. ಕಾಲು ಒಂದಿಷ್ಟೂ ಸೊಟ್ಟ ಬೀಳಲಿಲ್ಲ. ತುಟಿ ಮಾತ್ರ ಬೆಳ್ಳಗಾಗಿತ್ತು. ಇನ್ಸ್‌ಪೆಕ್ಟರು ನಕ್ಕು, ಕುದುರೆ ಇದ್ದ ಹಾಗಿದ್ದಾಳೆ ಎಂದು ಬರೆದುಕೊಂಡು ಹೊರಟರು. ನರ್ಸಮ್ಮ ಮಾತ್ರ ಬಾಗಿಲ ತನಕ ಹೋಗಿ ಒಮ್ಮೆ ಹಿಂದಿರುಗಿ ನೋಡಿದರು.

ಅವರು ಓಣಿ ದಾಟಿದ ಮೇಲೆ ಮನೆಯಲ್ಲಿ ಹಬ್ಬ. ಅಪ್ಪ ಮಗಳನ್ನು ಎತ್ತಿಕೊಳ್ಳಲು ಹೋದರು, ಅವಳು ಬೇಡ ಎಂದು ಗೋಡೆಗೆ ಒರಗಿದಳು. ಅಜ್ಜಿ ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಡಬ್ಬಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ತುಂಡು, ಹುಣಸೆಬೀಜದ ಎರಡರಷ್ಟಿತ್ತು, ಅದನ್ನು ಹುಡುಕಿ ತಂಗಿಯ ಅಂಗೈಯಲ್ಲಿಟ್ಟೆ. ಜಾಣೆ, ನನ್ನ ಜಾಣೆ ಎಂದೆ. ಅವಳು ನಕ್ಕಳು.

ಮಾರನೆಯ ದಿನ ಅವಳು ಏಳಲಿಲ್ಲ. ನಾನು ಎಬ್ಬಿಸಿದರೆ ಕಣ್ಣು ತೆರೆದು ಮುಚ್ಚಿದಳು. ಏನೋ ಗೊಣಗುತ್ತಿದ್ದಳು. ಬಾಣಂತಿ ಕೋಣೆಯಿಂದ ಅವ್ವನಿಗೆ ಅದು ಹೇಗೆ ಕೇಳಿಸಿತೋ, ಹದಿನೈದು ದಿನದ ಕೂಸನ್ನು ಕೆಳಗಿಟ್ಟು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿಹೋಗುತ್ತಿದ್ದರೂ ನೋಡದೆ ಹೊರಗೆ ಬಂದಳು. ಹಣೆ ಮುಟ್ಟಿದಳು. ಲಂಗ ಸರಿಸಿ ನೋಡಿದಳು. ಎಡ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ.

"ಯಾಕವ್ವ ಹೇಳ್ಲಿಲ್ಲ? ನನ್ನ ಕಂದ, ನಂಗ್ಯಾಕೆ ಹೇಳ್ಲಿಲ್ಲ?" ಎಂದಳು ಅವ್ವ.

ತಂಗಿ ಅವ್ವನನ್ನು ನೋಡಲಿಲ್ಲ. ನನ್ನನ್ನು ಹುಡುಕಿದಳು.

"ಅಕ್ಕ, ನಾನು ಹೇಳ್ಲೇ ಇಲ್ಲ ಅಲ್ವಾ?"

ಬಲಗೈಯನ್ನು ಚಾಪೆಯ ಮೇಲಿಂದ ಸ್ವಲ್ಪ ಎತ್ತಿ ಅಂಗೈ ತೆರೆದಳು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ರೂಢಿಯಂತೆ ಡಬ್ಬಿಯಿಂದ ಒಂದು ತುಂಡು ತೆಗೆದು ಆ ಅಂಗೈಯಲ್ಲಿಟ್ಟೆ. ಬೆರಳು ಮಡಚಲಿಲ್ಲ. ಸಕ್ಕರೆ ಜಾರಿ ನೆಲಕ್ಕೆ ಬಿತ್ತು.

ಅಪ್ಪ ಚಪ್ಪಲಿ ಕೂಡ ಮೆಟ್ಟದೆ ಓಡಿದರು. ಕರೆದುಕೊಂಡು ಬಂದದ್ದು ಅದೇ ನರ್ಸಮ್ಮನನ್ನು. ಆಕೆ ನೋಡಿ, ಇನ್ನು ಆಸ್ಪತ್ರೆಗೆ ಸಾಗಿಸುವುದರಿಂದ ಮಗುವಿಗೆ ತೊಂದರೆಯೇ ಹೊರತು ಲಾಭವಿಲ್ಲ ಎಂದರು. ನಿನ್ನೆಯೇ ತಿಳಿದಿದ್ದರೆ ಎಂದು ಅಪ್ಪ ಕೇಳಿದರು. ಉಳಿಯುತ್ತಿತ್ತು ಎಂದು ಹೇಳಲಾರೆ, ಆದರೆ ಏನಾದರೂ ಮಾಡಿ ನೋಡಬಹುದಿತ್ತು ಎಂದರು. ನನ್ನನ್ನು ಬೈಯುತ್ತಾರೆ ಎಂದು ಕಂಬದ ಹಿಂದೆ ನಿಂತಿದ್ದೆ. ಬೈಯಲಿಲ್ಲ. ಹೊರಡುವಾಗ ಅಜ್ಜಿ ಅವರ ಕಾಲು ಹಿಡಿದಳು. ತಾತನ ಕಥೆ ಹೇಳಿದಳು. ಆಕೆ ಅಜ್ಜಿಯನ್ನು ಹಿಡಿದೆಬ್ಬಿಸಿ, ಸಂಜೆಯ ತನಕ ನಾನು ವರದಿ ಕೊಡುವುದಿಲ್ಲ, ಅಷ್ಟರೊಳಗೆ ನಿಮ್ಮ ಶಾಸ್ತ್ರ ಏನಿದೆಯೋ ಮಾಡಿಕೊಳ್ಳಿ ಎಂದು ಹೋದರು.

ಮಧ್ಯಾಹ್ನ ಎರಡು ಗಂಟೆಗೆ ಜೀವ ಹೋಯಿತು. ಅಳಲಿಲ್ಲ, ನರಳಲಿಲ್ಲ. ಕೊನೆಯ ತನಕ ಹಲ್ಲು ಕಚ್ಚಿಕೊಂಡೇ ಇದ್ದಳು.

ಅಜ್ಜಿ ಕೇಳಿಕೊಂಡದ್ದು ಅಜ್ಜಿಗೆ ಸಿಕ್ಕಿತು. ಮೈ ತೊಳೆದು, ವಿಭೂತಿ ಹಚ್ಚಿ, ತಂಗಿಯನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಕತ್ತು ವಾಲದ ಹಾಗೆ ಬಟ್ಟೆ ಕಟ್ಟಿದರು. ಹುಟ್ಟಿದಾಗ ಅವಳ ಕೊರಳಿಗೆ ಕಟ್ಟಿದ್ದ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿಟ್ಟರು. ಅಷ್ಟು ಚಿಕ್ಕ ಕೈ, ಅದು ನಿಲ್ಲುತ್ತಿರಲಿಲ್ಲ. ಶಾಸ್ತ್ರ ಮಾಡಿಸಲು ಬಂದ ಅಯ್ಯನವರು ಬೆರಳುಗಳನ್ನು ಒಂದೊಂದಾಗಿ ಮಡಚಿ ದಾರ ಸುತ್ತಿದರು. ಎಡಗೈ ಲಿಂಗ ಹಿಡಿದಿತ್ತು, ಬಲಗೈ ತೊಡೆಯ ಮೇಲೆ ಅಂಗಾತವಾಗಿ ತೆರೆದೇ ಇತ್ತು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಯಾರೋ ನನ್ನನ್ನು ಒಳಗೆ ಕರೆದುಕೊಂಡು ಹೋದರು.

ಸಂಜೆ ವರದಿಯಾಯಿತು. ಏನಾಗಬಾರದೆಂದು ಇಷ್ಟೆಲ್ಲ ಮಾಡಿದೆವೋ ಅದೆಲ್ಲ ಆಯಿತು. ಗಾಡಿ ಬಂತು, ಬಾಣಂತಿ ಕೂಸು ಸಮೇತ ಎಲ್ಲರೂ ಕ್ಯಾಂಪಿನಲ್ಲಿ ಹತ್ತು ದಿನ ಇದ್ದೆವು. ಬೇರೆ ಯಾರಿಗೂ ಏನೂ ಆಗಲಿಲ್ಲ. ವಾಪಸು ಬಂದಾಗ ಮನೆಯ ಮಾಡಿಗೆ ಹೆಂಚು ಇರಲಿಲ್ಲ. ಬಿಸಿಲು ಬಿದ್ದು ರೋಗ ಹೋಗಲಿ ಎಂದು ಸರ್ಕಾರದ ಆಳುಗಳು ತೆಗೆದು ಹಿತ್ತಲಲ್ಲಿ ಪೇರಿಸಿದ್ದರು. ನೆಲ, ಗೋಡೆ, ಒಲೆ, ಎಲ್ಲದರ ಮೇಲೂ ಬಿಸಿಲು. ಒಳಗೆ ನಿಂತು ಆಕಾಶ ನೋಡಬಹುದಿತ್ತು.

ಅವ್ವ ಮೊದಲು ಹೋದದ್ದು ತಂಗಿ ಮಲಗುತ್ತಿದ್ದ ಮೂಲೆಗೆ. ಗೋಡೆಗೂಡಿನಲ್ಲಿ ಅವಳ ಸಾಮಾನು ಇರುತ್ತಿತ್ತು: ಒಡೆದ ಬಳೆಚೂರು, ಗುಲಗಂಜಿ, ಒಂದು ಚನ್ನಪಟ್ಟಣದ ಬುಗುರಿ. ಅವ್ವ ಕೈ ಹಾಕಿ ಒಂದೊಂದೇ ತೆಗೆಯುತ್ತಿದ್ದವಳು ನಿಂತಳು. ಇರುವೆ ಎಂದಳು. ನಾನು ಹತ್ತಿರ ಹೋದೆ. ಬುಗುರಿಯ ಹಿಂದೆ, ಹರಿದ ಬಟ್ಟೆಯಲ್ಲಿ, ಕಲ್ಲುಸಕ್ಕರೆ. ಮೂರು ತುಂಡು. ಎರಡು ಸಣ್ಣವು, ಒಂದು ದೊಡ್ಡದು. ಒಂದಕ್ಕೂ ಹಲ್ಲು ತಾಗಿರಲಿಲ್ಲ.

ಕೊಟ್ಟವಳು ನಾನು, ನನಗೆ ತಿಳಿಯದೇ? ಸಂಜೆಯದು ಒಂದು, ಬೆಳಗಿನದು ಒಂದು, ಬಾವಿಕಟ್ಟೆ ಮುಟ್ಟಿ ಬಂದದ್ದಕ್ಕೆ ಒಂದು. ಸಕ್ಕರೆ ಎಂದರೆ ಪ್ರಾಣ ಬಿಡುತ್ತಿದ್ದ ಮಗು, ಬಾಯಿಗೆ ಹಾಕಿಕೊಂಡಿರಲಿಲ್ಲ. ಬಾಯಿ ಕಹಿಯಾಗಿತ್ತೇನೋ, ಗಂಟಲಿಗೆ ಇಳಿಯುತ್ತಿರಲಿಲ್ಲವೇನೋ. ಸಕ್ಕರೆ ಬೇಕಿಲ್ಲದಿದ್ದರೂ ಅವಳು ಓಡಿದ್ದಳು. ನಾನು ಜಾಣೆ ಎನ್ನಲಿ ಎಂದು ಓಡಿದ್ದಳು. ನಾನು ಅಂದೆನಲ್ಲ, ನಕ್ಕಳಲ್ಲ.

ಇದೇನೇ ಎಂದು ಅವ್ವ ಕೇಳಿದಳು. ಎಲ್ಲವನ್ನೂ ಹೇಳಿದೆ. ಚಿವುಟಿದ್ದು, ಉಗ್ರಾಣದಲ್ಲಿ ಕೂಡಿದ್ದು, ಕತ್ತು ಬಿಸಿಯಾಗಿದ್ದದ್ದು, ಬಿಸಿಲಲ್ಲಿ ಆಡುತ್ತಿದ್ದಳು ಎಂದದ್ದು. ಹೇಳಿ ಮುಗಿಸಿ ಬೆನ್ನು ಮಾಡಿ ನಿಂತೆ. ಒಲೆಯ ಕೊಳ್ಳಿ ತೆಗೆದುಕೊಂಡು ಸುಟ್ಟರೂ ಸುಡಲಿ ಎಂದು ಕಣ್ಣು ಮುಚ್ಚಿಕೊಂಡೆ. ಹೊಡೆತ ಬೀಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಅವ್ವ ಆ ಮೂರು ತುಂಡನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಅಜ್ಜಿ ಹೊಸಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಬುಡು, ಅದ್ಕೇನು ಗೊತ್ತು, ಕೂಸು" ಎಂದಳು, ಅಷ್ಟೇ. ಅಲ್ಲಿಂದ ಮುಂದೆ ಅಜ್ಜಿ ಇನ್ನೊಂದು ಹೊತ್ತಿನ ಊಟವನ್ನೂ ಬಿಟ್ಟಳು, ಬರೀ ಹಾಲು ಕುಡಿದು ಎರಡು ವರ್ಷ ಇದ್ದು ಹೋದಳು. ಅವಳನ್ನೂ ನಿಯಮದಂತೆ ಕೂರಿಸಿಯೇ ಮಣ್ಣು ಮಾಡಿದೆವು.

ಹಲ್ಲು ನೋವು ಎಂದದ್ದಕ್ಕೆ ನಮ್ಮ ಮನೆಯಲ್ಲಿ ಶಿಕ್ಷೆ ಇತ್ತು. ಕುಂಟಿದ್ದಕ್ಕೆ ಇತ್ತು, ಅತ್ತದ್ದಕ್ಕೆ ಇತ್ತು. ನಾನು ಮಾಡಿದ್ದಕ್ಕೆ ಇರಲಿಲ್ಲ. ಅಪ್ಪ ಒಂದು ಮಾತು ಆಡಲಿಲ್ಲ, ಅವ್ವ ಬೆರಳು ಎತ್ತಲಿಲ್ಲ. ಅವತ್ತು ಅವ್ವ ಚರ್ಮ ಸುಲಿಯುವ ಹಾಗೆ ಹೊಡೆದಿದ್ದರೆ ಅತ್ತು, ಬಾಸುಂಡೆ ಒಣಗಿ, ಒಂದು ದಿನ ಮುಗಿಯುತ್ತಿತ್ತೋ ಏನೋ. ಮುಗಿಯಲಿಲ್ಲ.

ಮೊನ್ನೆ ನನ್ನ ಕೊನೆಯವಳು, ಈಗ ಐದು ವರ್ಷ, ಹೊರಗಿನಿಂದ ಲಬೋಲಬೋ ಎಂದು ಬಾಯಿ ಬಡಿದುಕೊಂಡು ಬಂದಳು. ಜಗಲಿಯಿಂದ ಬಿದ್ದಿದ್ದಳು. ಪಕ್ಕದ ಮನೆಯಾಕೆ ಅಲ್ಲೇ ಇದ್ದಳು. ಏನೂ ಆಗಿಲ್ಲ ಬಿಡಿ, ನೀವು ಮುದ್ದು ಮಾಡುವುದಕ್ಕೇ ಹೀಗೆ ಆಡುತ್ತಾಳೆ ಎಂದಳು. ಇರಬಹುದು. ನಾನು ಮೊರ ಪಕ್ಕಕ್ಕಿಟ್ಟು, ಎಲ್ಲಿ ನೋಯುತ್ತದೆ ಹೇಳವ್ವ ಎಂದೆ. ಅವಳು ಮಂಡಿ ತೋರಿಸಿದಳು. ಮೊಣಕೈ ತೋರಿಸಿದಳು. ನಾನು ಕೇಳುತ್ತಿದ್ದೇನೆಂದು ಗೊತ್ತಾದ ಮೇಲೆ ಅಳುವುದನ್ನು ಮರೆತು ಹೊಟ್ಟೆ, ಕಿವಿ, ಕಿರುಬೆರಳು, ಹೋದ ವರ್ಷ ವಾಸಿಯಾದ ಕುರುವಿನ ಕಲೆ, ಎಲ್ಲ ತೋರಿಸಿದಳು. ಅರ್ಧ ಸುಳ್ಳು, ನನಗೆ ಗೊತ್ತು. ಪಕ್ಕದ ಮನೆಯಾಕೆ ನಕ್ಕು ನಕ್ಕು ಎದ್ದು ಹೋದಳು.

"ಇನ್ನೆಲ್ಲಿ ನೋಯ್ತದೆ?" ಎಂದು ಕೇಳುತ್ತಾ, ಅವಳು ತೋರಿಸಿದ ಕಡೆಯನ್ನೆಲ್ಲ ಒಂದೂ ಬಿಡದೆ ಮುಟ್ಟಿ ನೋಡಿದೆ.